ಪ್ರದರ್ಶನ ಫಲಕಗಳಲ್ಲಿ ಸಂಕೇತಕಾಲ ದೋಷದ ತಡೆ

ಸಂಕೇತಕಾಲ ದೋಷವೆಂದರೆ ವಿದ್ಯುನ್ಮಾನ ಪ್ರದರ್ಶನ ಫಲಕಕ್ಕೆ ನಿಯತ ಕಾಲಾಂತರದಲ್ಲಿ ಬರಬೇಕಾದ ವಿದ್ಯುತ್ ಸಂಕೇತಗಳು ನಿಂತುಹೋಗುವುದು, ತಡವಾಗುವುದು ಅಥವಾ ಕ್ರಮ ತಪ್ಪುವುದು. ಇಂತಹ ದೋಷದಿಂದ ಬರಹ ಅಳಿಸಿಹೋಗುವುದಷ್ಟೇ ಅಲ್ಲ, ಫಲಕವೇ ಶಾಶ್ವತವಾಗಿ ಕೆಡುವ ಸಂಭವವಿದೆ. ತರಕಾರಿ ಮಂಡಿಯ ತೂಕದ ಯಂತ್ರ, ಪೆಟ್ರೋಲ್ ಬಂಕ್‌ನ ಅಳತೆಯ ಫಲಕ, ಬಸ್ಸಿನ ಮಾರ್ಗಸೂಚಿ, ಆಸ್ಪತ್ರೆಯ ಉಪಕರಣ ಇವೆಲ್ಲ ಈ ಸಂಕೇತಗಳನ್ನೇ ಅವಲಂಬಿಸಿವೆ. ಸಂಕೇತ ತಪ್ಪಿದ ಕ್ಷಣದಲ್ಲೇ ಫಲಕದ ಚಾಲಕ ವಿದ್ಯುತ್ತನ್ನು ಕಡಿದುಹಾಕುವುದು ರಕ್ಷಣೆಯ ಮೂಲತತ್ತ್ವ.

ದ್ರವಸ್ಫಟಿಕ ಫಲಕ

ಎಲ್‌ಸಿಡಿ ಫಲಕದಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ತೆಳುವಾದ ಪದರವಿರುತ್ತದೆ. ಅದರ ಅಣುಗಳು ವೋಲ್ಟೇಜಿನ ಪ್ರಮಾಣಕ್ಕೆ ಸ್ಪಂದಿಸುತ್ತವೆಯೇ ಹೊರತು ಅದು ಧನವೋ ಋಣವೋ ಎಂಬುದಕ್ಕಲ್ಲ. ಆದ್ದರಿಂದ ಧ್ರುವವನ್ನು ಪದೇ ಪದೇ ಅದಲುಬದಲು ಮಾಡಿದರೂ ಚಿತ್ರ ಬದಲಾಗದು. ಸಾಮಾನ್ಯವಾಗಿ ಸೆಕೆಂಡಿಗೆ 60 ಚೌಕಟ್ಟುಗಳು ಬರುವ ಫಲಕದಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಈ ಅದಲುಬದಲು ನಡೆಯುತ್ತದೆ.

ಈ ಬದಲಾವಣೆ ನಿಂತರೆ ಏಕಮುಖ ವೋಲ್ಟೇಜ್ ಒಂದೇ ಕಡೆಗೆ ಉಳಿಯುತ್ತದೆ. ದ್ರವಸ್ಫಟಿಕದಲ್ಲಿರುವ ಅಲ್ಪಸ್ವಲ್ಪ ಕಲ್ಮಶದ ಅಯಾನುಗಳು ವಿದ್ಯುದ್ವಾರಗಳತ್ತ ಸರಿದು ಅಲ್ಲಿ ಶೇಖರವಾಗುತ್ತವೆ. ಮೊದಲು ಹಿಂದಿನ ಚಿತ್ರದ ನೆರಳು ಅಂಟಿಕೊಂಡಂತೆ ಕಾಣುತ್ತದೆ. ಇದು ಕೆಲಕಾಲದ ನಂತರ ಮಾಯವಾಗಬಹುದು. ಸ್ಥಿತಿ ದೀರ್ಘವಾದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ದ್ರವಸ್ಫಟಿಕವೂ ವಿದ್ಯುದ್ವಾರವೂ ಕೆಡುತ್ತವೆ. ಆಗ ದುರಸ್ತಿಗೆ ಅವಕಾಶವಿಲ್ಲ. ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕುವ ಕೈ ನಿಂತರೆ ಆಗುವುದೇ ಇಲ್ಲಿಯೂ ಆಗುತ್ತದೆ.

ಈ ವಸ್ತುವಿನ ಅಧ್ಯಯನದಲ್ಲಿ ಕರ್ನಾಟಕದ ಪಾತ್ರ ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯವನ್ನು ಕಟ್ಟಿದರು. 1977ರಲ್ಲಿ ಅವರು ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕಗಳನ್ನು ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಂದ ಮಾತ್ರ ದ್ರವಸ್ಫಟಿಕ ಸಾಧ್ಯವೆಂಬ ನಂಬಿಕೆಯಿತ್ತು. 1991ರಲ್ಲಿ ಅವರು ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು.

ಕಾವಲು ಮಂಡಲ

ರಕ್ಷಣೆಗೆ ಬಳಸುವ ಮಂಡಲ ಸರಳವಾದುದು. ಧ್ರುವ ಬದಲಿಸುವ ಸಂಕೇತವನ್ನು ಒಂದು ಕೆಪಾಸಿಟರಿನ ಮೂಲಕ ಹಾಯಿಸಿ, ಡಯೋಡುಗಳಿಂದ ಏಕಮುಖಗೊಳಿಸಿ, ಮತ್ತೊಂದು ಕೆಪಾಸಿಟರಿನಲ್ಲಿ ಶೇಖರಿಸುತ್ತಾರೆ. ಆ ಶೇಖರಣೆ ಇರುವವರೆಗೆ ಟ್ರಾನ್ಸಿಸ್ಟರ್ ಫಲಕಕ್ಕೆ ಚಾಲಕ ವೋಲ್ಟೇಜನ್ನು ಬಿಡುತ್ತದೆ. ಕೆಪಾಸಿಟರ್ ಬದಲಾಗುವ ಸಂಕೇತವನ್ನು ಮಾತ್ರ ದಾಟಿಸುವುದರಿಂದ, ತಂತಿ ಮೇಲಿನ ಮಟ್ಟದಲ್ಲಿ ಸಿಕ್ಕಿಕೊಂಡರೂ ಕೆಳಗಿನ ಮಟ್ಟದಲ್ಲಿ ಸಿಕ್ಕಿಕೊಂಡರೂ ಶೇಖರಣೆ ಬರಿದಾಗಿ ಫಲಕ ಆರುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 100 ಕಿಲೋಓಮ್ ರೋಧಕವನ್ನು ಸೇರಿಸಿದರೆ ಕಾಲಸ್ಥಿರಾಂಕ 0.1 ಸೆಕೆಂಡ್, ಅಂದರೆ ಸುಮಾರು ಆರು ಚೌಕಟ್ಟುಗಳ ಅವಧಿ.

ಸಂಸ್ಕಾರಕದಲ್ಲಿ ಕಾವಲು ಗಡಿಯಾರವಿದ್ದರೆ ಇದೇಕೆ ಬೇಕು ಎಂಬ ಪ್ರಶ್ನೆ ಸಹಜ. ಕಾವಲು ಗಡಿಯಾರ ನೋಡುವುದು ಕ್ರಮವಿಧಿ ಓಡುತ್ತಿದೆಯೇ ಎಂಬುದನ್ನು ಮಾತ್ರ. ಸಂಪರ್ಕ ತಂತಿ ಕಿತ್ತುಬಂದರೆ ಕ್ರಮವಿಧಿ ಆರೋಗ್ಯವಾಗಿಯೇ ಇರುತ್ತದೆ, ಫಲಕ ಮಾತ್ರ ಸುಡುತ್ತಿರುತ್ತದೆ. ಆದುದರಿಂದ ಕಾವಲು ಫಲಕದ ತುದಿಯಲ್ಲಿರಬೇಕು. ಸಂಸ್ಕಾರಕ ಮರುಪ್ರಾರಂಭವಾಗುವ ಹೊತ್ತಿನಲ್ಲಿ ಅದರ ತುದಿಗಳು ಅನಿಶ್ಚಿತ ಸ್ಥಿತಿಯಲ್ಲಿರುವುದರಿಂದ, ಫಲಕವನ್ನು ಆರಿಸುವ ತಂತಿಯನ್ನು ರೋಧಕವೊಂದರಿಂದ 'ಆರಿದ' ಸ್ಥಿತಿಗೆ ಕಟ್ಟಿಡುವುದೂ ಅಗತ್ಯ.

ವಿದ್ಯುತ್ ಕೊಡುವ ಕ್ರಮ ಇಷ್ಟೇ ಮುಖ್ಯ. ಮೊದಲು ತರ್ಕಮಂಡಲದ ವಿದ್ಯುತ್, ಬಳಿಕ ಸಂಕೇತಗಳು, ಕೊನೆಗೆ ಚಾಲಕ ವೋಲ್ಟೇಜ್. ಆರಿಸುವಾಗ ಇದಕ್ಕೆ ವಿಲೋಮ. ಉಮ್ಮತ್ತೂರಿನಂತಹ ಗ್ರಾಮದಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ದಿಢೀರನೆ ಹೋದಾಗ ಸಂಕೇತಗಳು ಮೊದಲು ನಿಂತು, ಕೆಪಾಸಿಟರುಗಳಲ್ಲಿ ಉಳಿದ ಚಾಲಕ ವೋಲ್ಟೇಜ್ ಫಲಕದ ಮೇಲೆ ಉಳಿಯಬಾರದು. ಅದನ್ನು ಬೇಗ ಬರಿದು ಮಾಡುವ ದಾರಿಯನ್ನು ಮಂಡಲದಲ್ಲಿಯೇ ಇಟ್ಟಿರಬೇಕು.

ಚಿತ್ರನಳಿಕೆ

ಹಳೆಯ ದೂರದರ್ಶನಗಳಲ್ಲಿ ಲಂಬ ವಿಚಲನೆ ನಿಂತರೆ ಪರದೆಯ ನಡುವೆ ಒಂದೇ ಬೆಳ್ಳಗಿನ ಅಡ್ಡಗೆರೆ ಉಳಿಯುತ್ತಿತ್ತು. ಹಾಗೆಯೇ ಬಿಟ್ಟರೆ ಆ ಜಾಗದ ಹೊಳಪು ಲೇಪ ಸುಟ್ಟು ಕಲೆ ಬೀಳುತ್ತಿತ್ತು. 1981ರಲ್ಲಿ ಐಬಿಎಂ ಕಂಪ್ಯೂಟರಿನೊಂದಿಗೆ ಬಂದ ಏಕವರ್ಣ ಪರದೆ 18.432 ಕಿಲೋಹರ್ಟ್ಸ್ ಆವರ್ತನಕ್ಕೆ ನಿಗದಿಯಾಗಿತ್ತು. ತಪ್ಪು ಕ್ರಮವಿಧಿಯಿಂದಲೇ ಅದು ಕೆಡಬಹುದಾಗಿತ್ತು. ನಂತರದ ಪರದೆಗಳು ಹೊಂದದ ಸಂಕೇತವನ್ನು ತಾವೇ ತಿರಸ್ಕರಿಸತೊಡಗಿದವು.

ಎಲ್‌ಇಡಿ ಫಲಕ

ಎಲ್‌ಇಡಿ ಅಂಕಿಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಬೆಳಗಿಸುತ್ತಾರೆ. ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ತೋರುತ್ತದೆ. ಎಂಟು ಅಂಕಿಗಳ ಫಲಕದಲ್ಲಿ ಸರಾಸರಿ 10 ಮಿಲಿಆಂಪಿಯರ್ ಬೇಕಾದರೆ ಪ್ರತಿ ಸರದಿಯಲ್ಲಿ 80 ಮಿಲಿಆಂಪಿಯರ್ ಹರಿಸಬೇಕು. ಸರದಿ ನಿಂತರೆ ಒಂದೇ ಅಂಕಿಯ ಮೂಲಕ ಆ 80 ಮಿಲಿಆಂಪಿಯರ್ ಸತತವಾಗಿ ಹರಿಯುತ್ತದೆ. ಸಾಮಾನ್ಯ ಸಣ್ಣ ಎಲ್‌ಇಡಿ ಸತತವಾಗಿ ತಾಳಬಲ್ಲದ್ದು 20ರಿಂದ 30 ಮಿಲಿಆಂಪಿಯರ್ ಮಾತ್ರ. ಅಂಗಡಿಗಳ ಮುಂದೆ ಕಾಣುವ 10 ಮಿಲಿಮೀಟರ್ ಅಂತರದ ಬರಹ ಫಲಕಗಳಲ್ಲಿಯೂ ಇದೇ ತತ್ತ್ವವಿದೆ. ಉಳಿದದ್ದೆಲ್ಲ ಆರಿ ಕೆಲವೇ ಸಾಲುಗಳು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ ಅದು ಸರದಿ ನಿಂತಿರುವ ಲಕ್ಷಣ. ಕೂಡಲೇ ವಿದ್ಯುತ್ ಕಡಿಯಬೇಕು. ಮೇಲೆ ಹೇಳಿದ ಕಾವಲು ಮಂಡಲವನ್ನೇ ಸರದಿಯ ಸಂಕೇತಕ್ಕೆ ಜೋಡಿಸಿ ಫಲಕದ ಬೆಳಕು ನಿಯಂತ್ರಿಸುವ ತಂತಿಗೆ ಕೊಟ್ಟರೆ ಈ ಕೆಲಸ ತಾನಾಗಿ ನಡೆಯುತ್ತದೆ.