ಕಿತ್ತೂರಿನ ಸೆರೆಯಾಳು ಮತ್ತು ಜಿಗಿಯುವ ಇರುವೆ

ಕಿತ್ತೂರಿನ ಇತಿಹಾಸವನ್ನು 1824ರ ಕದನಕ್ಕೆ ಸೀಮಿತಗೊಳಿಸಿ ಬರೆಯುವ ವಾಡಿಕೆಯಿಂದಾಗಿ, ದಕ್ಷಿಣ ಭಾರತದ ಪ್ರಾಣಿಶಾಸ್ತ್ರದೊಡನೆ ಈ ನೆಲಕ್ಕಿರುವ ನಂಟು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆ ವರ್ಷದ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಪಡೆಗೆ ಸೆರೆಸಿಕ್ಕ ಇಬ್ಬರು ಕಂಪನಿ ಅಧಿಕಾರಿಗಳಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್, ಬಿಡುಗಡೆಯಾದ ಮೇಲೆ 1833ರವರೆಗೆ ಇದೇ ಸೀಮೆಯಲ್ಲಿ ಕೆಲಸ ಮಾಡುತ್ತ, ಶಾಸನಗಳ ಜೊತೆಗೆ ಪ್ರಾಣಿಗಳ ವಿವರಗಳನ್ನೂ ಕಲೆಹಾಕಿದನು. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಈ ಭಾಗದ ಸ್ತನಿಗಳ ಪಟ್ಟಿಯನ್ನು ಅವನು 1839ರಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನದ ಜರ್ನಲ್‌ನಲ್ಲಿ ಪ್ರಕಟಿಸಿ, ಅದರಲ್ಲಿ ಕನ್ನಡದ ಹೆಸರುಗಳನ್ನು ಕೊಟ್ಟದ್ದಲ್ಲದೆ, ಒಡ್ಡರು ಹೊಲದ ಇಲಿಗಳ ಬಿಲ ಅಗೆದು ಅವು ಕೂಡಿಟ್ಟ ಕಾಳನ್ನು ತೆಗೆಯುತ್ತಿದ್ದುದನ್ನೂ ದಾಖಲಿಸಿದನು. ಇಂಥ ತಿಳಿವಳಿಕೆಯನ್ನು ಅವನಿಗೆ ಒದಗಿಸಿದ ಸ್ಥಳೀಯರ ಹೆಸರು ಉಳಿಯದಿರುವುದು ಈ ಶಾಸ್ತ್ರದ ದೊಡ್ಡ ಕೊರತೆ.

ಎಲಿಯಟ್‌ನ ಟಿಪ್ಪಣಿಗಳಿಂದ ನೆರವು ಪಡೆದವರಲ್ಲಿ ಮದ್ರಾಸ್ ಸೇನೆಯ ವೈದ್ಯ ಥಾಮಸ್ ಜೆರ್ಡನ್ ಮುಖ್ಯನು. ಹಕ್ಕಿಗಳ ಅಧ್ಯಯನದಿಂದ ಹೆಸರಾದ ಅವನು 1851ರಲ್ಲಿ ಅದೇ ಜರ್ನಲ್‌ನಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿ, ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂಬ ಜಿಗಿಯುವ ಇರುವೆಯನ್ನು ಮೊದಲಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದನು. ತಲೆಯ ಮುಂಭಾಗವನ್ನು ಆವರಿಸಿದ ದೊಡ್ಡ ಕಣ್ಣುಗಳು, ಕುಡಗೋಲಿನಂತೆ ಮೇಲಕ್ಕೆ ಬಾಗಿದ ನೀಳ ದವಡೆಗಳು ಇದರ ಗುರುತು; ಸಾಲುಗಟ್ಟದೆ ಹಗಲಿನಲ್ಲಿ ಒಂಟಿಯಾಗಿ ಅಲೆದು, ಕಣ್ಣಳತೆಯಿಂದಲೇ ಬೇಟೆಯ ಮೇಲೆ ಎಗರುತ್ತದೆ.

ಕಿತ್ತೂರಿನ ಪಶ್ಚಿಮಕ್ಕಿರುವ ಘಟ್ಟಗಳ ಸಾಲಿನಲ್ಲೇ ದಕ್ಷಿಣಕ್ಕೆ ಸಿಗುವ ಜೋಗದ ಸುತ್ತಿನ ಇರುವೆಗಳು ಮುಂದೆ ಈ ಅಧ್ಯಯನವನ್ನು ಬಹಳ ದೂರ ಕೊಂಡೊಯ್ದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಅವರೂ ಭಾಗಿಯಾಗಿದ್ದ, 1994ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳಲ್ಲಿ ಒಂದು, ನಡುಗಾಲು ಮತ್ತು ಹಿಂಗಾಲುಗಳೆರಡೂ ಏಕಕಾಲಕ್ಕೆ ಚಿಮ್ಮುವುದೇ ಜಿಗಿತದ ಮೂಲವೆಂದು ತೋರಿಸಿದರೆ, ಇನ್ನೊಂದು ನೆಲದೊಳಗಿನ ಗೂಡನ್ನು ವಿವರಿಸಿತು. ಕಮಾನು ಚಾವಣಿಯ ಮೇಲಿನ ಕೋಣೆಯ ಸುತ್ತ ಪೊಳ್ಳು ಜಾಗವಿದ್ದು, ಗೋಡೆಗಳಿಗೆ ಬರಿದಾದ ಕೋಶಗಳ, ಅಂದರೆ ಬೆಳೆದ ಇರುವೆ ಹೊರಬಂದ ಮೇಲೆ ಉಳಿದ ರೇಷ್ಮೆ ಕವಚಗಳ, ಚೂರುಗಳನ್ನು ಅಂಟಿಸಿರುವುದರಿಂದ, ಮಳೆಗಾಲದ ನೀರು ಒಳನುಗ್ಗದಂತೆ ತಡೆಯಲು ಈ ರಚನೆ ನೆರವಾಗುತ್ತದೆಂದು ಭಾವಿಸಲಾಗಿದೆ. ರಾಣಿ ಸತ್ತರೆ ಗೂಡು ಅಳಿಯುವುದಿಲ್ಲ. ಕೆಲಸಗಾರ ಇರುವೆಗಳು ಮೀಸೆಗಳಿಂದ ವಾರಗಟ್ಟಲೆ ಕಾದಾಡಿ, ಗೆದ್ದ ಕೆಲವು ಗ್ಯಾಮರ್‌ಗೇಟ್‌ಗಳಾಗಿ, ಅಂದರೆ ಗಂಡಿನೊಡನೆ ಕೂಡಿ ಮೊಟ್ಟೆಯಿಡುವ ಕೆಲಸಗಾರರಾಗಿ, ಮಾರ್ಪಡುತ್ತವೆ. ಆಗ ಅವುಗಳ ಅಂಡಾಶಯ ಹಿಗ್ಗಿ ಮಿದುಳು ಕುಗ್ಗುತ್ತದೆ. ಅವು ಮತ್ತೆ ಕೆಲಸಗಾರರಾಗಬೇಕಾಗಿ ಬಂದರೆ ಮಿದುಳು ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆಂದು 2021ರ ಅಧ್ಯಯನವೊಂದು ಕಂಡುಕೊಂಡಿದೆ.