ಬಾಡಿಗೆ ಕಾರಿಗೆ ಗೀರು ಬಿದ್ದರೆ ಹಣ ಯಾರು ಕೊಡಬೇಕು? ಎರಡು ತಪ್ಪು ಮಾತುಗಳು ಮತ್ತು ನಿಜಾಂಶ

"ಬಾಡಿಗೆ ಕಾರಿಗೆ ಇನ್ಶೂರೆನ್ಸ್ ಇದ್ದೇ ಇರುತ್ತದೆ, ಗೀರು ಬಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ" ಎನ್ನುವುದು ಒಂದು ಮಾತು. "ಅಗ್ರಿಮೆಂಟ್‌ಗೆ ಸಹಿ ಹಾಕಿದ ಮೇಲೆ ಮಾಲೀಕ ಕೇಳಿದಷ್ಟು ಕೊಡಲೇಬೇಕು" ಎನ್ನುವುದು ಇನ್ನೊಂದು. ಬಾಡಿಗೆ ಕಾರಿನ ಜಗಳ ಎಲ್ಲೇ ನಡೆದರೂ ಇವೆರಡರಲ್ಲಿ ಒಂದಾದರೂ ಕೇಳಿಬರುತ್ತದೆ. ಮೊದಲನೆಯದನ್ನು ನಂಬಿದವರು ಮಾಲೀಕರೊಂದಿಗೆ ಜಗಳಕ್ಕೆ ನಿಲ್ಲುತ್ತಾರೆ. ಎರಡನೆಯದನ್ನು ನಂಬಿದವರು ತಮ್ಮದಲ್ಲದ ತಪ್ಪಿಗೂ ಹಣ ಕಟ್ಟಿ ಬರುತ್ತಾರೆ. ನಿಜ ಏನೆಂದರೆ, ಎರಡೂ ತಪ್ಪು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಸಂಗನಕಲ್ಲಿನ ಒಂದು ಕುಟುಂಬ ಬಳ್ಳಾರಿಯಲ್ಲಿ ಎರಡು ದಿನಕ್ಕೆ ಕಾರು ಬಾಡಿಗೆಗೆ ಪಡೆಯುತ್ತದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದರ್ಶನ ಮುಗಿಸಿ, ಅಲ್ಲಿಂದ ಸಿರುಗುಪ್ಪದ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗುತ್ತಾರೆ. ಓಣಿಯಲ್ಲಿ ಭತ್ತದ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಹಿಂದೆ ಸರಿಯುವಾಗ ಕಾರಿನ ಬಂಪರ್ ಕಾಂಪೌಂಡ್ ಗೋಡೆಗೆ ಉಜ್ಜುತ್ತದೆ. ಕಾರು ವಾಪಸ್ ಕೊಡುವಾಗ ಮಾಲೀಕ, "ಹದಿನೈದು ಸಾವಿರ ಕೊಡಿ, ಇಲ್ಲದಿದ್ದರೆ ಅಡ್ವಾನ್ಸೂ ಇಲ್ಲ, ಅಡ ಇಟ್ಟ ಬೈಕೂ ಇಲ್ಲ" ಎನ್ನುತ್ತಾನೆ. ಆ ಕುಟುಂಬ ಎಷ್ಟು ಕೊಡಬೇಕು?

ಉತ್ತರ ನಾಲ್ಕು ವಿಷಯಗಳ ಮೇಲೆ ನಿಂತಿದೆ: ಕಾರಿನ ನಂಬರ್ ಪ್ಲೇಟ್, ಇನ್ಶೂರೆನ್ಸ್, ಕಾನೂನು ಮತ್ತು ಫೋನಿನಲ್ಲಿರುವ ಫೋಟೋ. ಒಂದೊಂದಾಗಿ ನೋಡೋಣ.

ಮೊದಲು ನಂಬರ್ ಪ್ಲೇಟ್ ನೋಡಿ

ಬಿಳಿ ಪ್ಲೇಟ್ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಖಾಸಗಿ ಕಾರು. ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ನಾವೇ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರಬೇಕು. ಇಂತಹ ವ್ಯವಹಾರ ನಡೆಸಲು 1989ರ 'ರೆಂಟ್ ಎ ಕ್ಯಾಬ್' ಯೋಜನೆಯಡಿ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಸಿಗಬೇಕಾದರೆ ಪರ್ಮಿಟ್ ಇರುವ ಕನಿಷ್ಠ 50 ಕ್ಯಾಬ್‌ಗಳಿರಬೇಕು ಎಂಬುದು ಯೋಜನೆಯ ಷರತ್ತು.

ಆದರೆ ಊರುಗಳಲ್ಲಿ ಪರಿಚಯದವರ ಬಿಳಿ ಬೋರ್ಡ್ ಕಾರನ್ನೇ ದಿನಕ್ಕಿಷ್ಟು ಎಂದು ಪಡೆಯುವ ರೂಢಿ ಇದೆ. ಇಲ್ಲಿಯೇ ದೊಡ್ಡ ಅಪಾಯ. ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಭಾಗ ಇರುತ್ತದೆ. ಬಾಡಿಗೆಗೆ ಬಳಸುವಂತಿಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಬಾಡಿಗೆಗೆ ಕೊಟ್ಟಿದ್ದು ಗೊತ್ತಾದರೆ ಕಂಪನಿ ಕಾರಿನ ಡ್ಯಾಮೇಜ್ ಕ್ಲೇಮ್ ತಳ್ಳಿಹಾಕಬಹುದು. ಆಗ ಮಾಲೀಕನಿಗೆ ಉಳಿಯುವ ದಾರಿ ನಿಮ್ಮಿಂದ ವಸೂಲಿ ಮಾಡುವುದೊಂದೇ. ಜೊತೆಗೆ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 192ಎ ಪ್ರಕಾರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಇದು ಕಾರು ಕೊಟ್ಟವರಿಗಷ್ಟೇ ಅಲ್ಲ, ಓಡಿಸಿದವರಿಗೂ ಅನ್ವಯಿಸುತ್ತದೆ.

"ಇನ್ಶೂರೆನ್ಸ್ ಇದೆ, ಎಲ್ಲಾ ಅದೇ ಕೊಡುತ್ತೆ": ಇದು ಏಕೆ ತಪ್ಪು?

ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ. ಅದು ನಿಮ್ಮ ಕಾರು ಗುದ್ದಿದ ಬೇರೆಯವರ ನಷ್ಟಕ್ಕೆ. ಕಾರಿನದೇ ಗೀರು, ತಗ್ಗಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಕಾರಿನ ಸ್ವಂತ ಹಾನಿಗೂ ಪಾಲಿಸಿ ಇದೆ ಎಂದಿಟ್ಟುಕೊಳ್ಳಿ. ಆಗಲೂ ಪೂರ್ತಿ ಹಣ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ ಸವಕಳಿ ಹೆಚ್ಚುತ್ತದೆ. ಇದರ ಮೇಲೆ ಪ್ರತಿ ಕ್ಲೇಮ್‌ಗೂ ಮಾಲೀಕ ಭರಿಸಲೇಬೇಕಾದ ಕಡ್ಡಾಯ ಕಡಿತ ಇರುತ್ತದೆ. ಖಾಸಗಿ ಕಾರುಗಳಲ್ಲಿ ಅದು 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000 ರೂಪಾಯಿ. ಬಾಡಿಗೆ ಕಾರಿಗೆ ಎಷ್ಟು ಎಂಬುದು ಅದರ ಪಾಲಿಸಿ ಕಾಗದದಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಬಂಪರ್ ಬೆಲೆ 6,000, ಕೂಲಿ 1,500, ಒಟ್ಟು 7,500 ರೂಪಾಯಿ ಎಂದುಕೊಳ್ಳಿ. ಬಂಪರ್‌ಗೆ ಅರ್ಧ, ಅಂದರೆ 3,000 ಸಿಗುತ್ತದೆ. ಕೂಲಿ ಸೇರಿಸಿದರೆ 4,500. ಕಡ್ಡಾಯ ಕಡಿತ 1,000 ಹೋದರೆ ಕೈಗೆ ಬರುವುದು 3,500. ಉಳಿದ 4,000 ಮಾಲೀಕನ ತಲೆಗೆ. ಕ್ಲೇಮ್ ಮಾಡಿದ್ದಕ್ಕೆ ಮುಂದಿನ ವರ್ಷದ 'ನೋ ಕ್ಲೇಮ್ ಬೋನಸ್' ಕೂಡ ಹೋಗುತ್ತದೆ. ಈ ಬೋನಸ್ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20ರಿಂದ ಶೇ 50ರವರೆಗೆ ಸಿಗುವ ರಿಯಾಯಿತಿ. ಆದ್ದರಿಂದಲೇ ಸಣ್ಣ ಗೀರಿಗೆ ಮಾಲೀಕರು ಇನ್ಶೂರೆನ್ಸ್ ಮುಟ್ಟಲು ಹಿಂಜರಿಯುತ್ತಾರೆ. 'ಝೀರೋ ಡಿಪ್ರಿಸಿಯೇಷನ್' ಸೌಲಭ್ಯ ತೆಗೆದುಕೊಂಡಿದ್ದರೆ ಸವಕಳಿ ಕಳೆಯುವುದಿಲ್ಲ, ಆದರೆ ಕಡ್ಡಾಯ ಕಡಿತ ತಪ್ಪುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಬಾಡಿಗೆ ಕಾರಿನ ಮೂಲ ನಿಯಮ ಇರುವುದು 1872ರ ಭಾರತೀಯ ಕರಾರು ಕಾಯ್ದೆಯಲ್ಲಿ. ಬೇರೆಯವರ ವಸ್ತು ನಿಮ್ಮ ಕೈಯಲ್ಲಿದ್ದಾಗ, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ ಸೆಕ್ಷನ್ 151. ಅಷ್ಟು ಜಾಗ್ರತೆ ವಹಿಸಿಯೂ ಹಾನಿಯಾದರೆ, ವಿಶೇಷ ಒಪ್ಪಂದ ಇಲ್ಲದಿದ್ದರೆ, ನೀವು ಹೊಣೆಯಲ್ಲ ಎನ್ನುತ್ತದೆ ಸೆಕ್ಷನ್ 152.

ಇದರ ಅರ್ಥ ಹೀಗೆ. ಹಿಂದೆ ನೋಡದೆ ರಿವರ್ಸ್ ತೆಗೆದು ಗೋಡೆಗೆ ಉಜ್ಜಿದರೆ ಅದು ನಿಮ್ಮ ಅಜಾಗ್ರತೆ, ದುರಸ್ತಿ ಖರ್ಚು ನಿಮ್ಮದು. ಮುಂದೆ ಹೋಗುತ್ತಿದ್ದ ಟಿಪ್ಪರ್‌ನಿಂದ ಜಲ್ಲಿ ಸಿಡಿದು ಗಾಜು ಬಿರುಕು ಬಿಟ್ಟರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ನಿಮ್ಮನ್ನು ಹೊಣೆ ಮಾಡುವುದು ಕಷ್ಟ. ಟೈರ್ ಸವೆಯುವುದು, ಬ್ರೇಕ್ ಪ್ಯಾಡ್ ತೇಯುವುದು ಹಾನಿಯಲ್ಲ, ಬಳಕೆ. ಅದರ ಬೆಲೆ ಬಾಡಿಗೆಯಲ್ಲೇ ಸೇರಿದೆ. ಆದರೆ ಒಂದು ಎಚ್ಚರ: ಕಾರು ನಿಮ್ಮ ಕೈಯಲ್ಲಿದ್ದಾಗ ಹಾಳಾದರೆ "ನಾನು ಜಾಗ್ರತೆಯಿಂದಲೇ ಇದ್ದೆ" ಎಂದು ತೋರಿಸುವ ಹೊಣೆ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ.

ಮಾಲೀಕನಿಗೂ ಕರ್ತವ್ಯ ಇದೆ. ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದ ನಿಮಗೆ ನಷ್ಟವಾದರೆ, ಆ ದೋಷ ತನಗೆ ಗೊತ್ತಿರಲಿಲ್ಲ ಎಂದರೂ ಅವನೇ ಹೊಣೆ ಎನ್ನುತ್ತದೆ ಸೆಕ್ಷನ್ 150.

ಡ್ರೈವರ್ ಸಮೇತ ಕಾರು ಪಡೆದಿದ್ದರೆ ಲೆಕ್ಕವೇ ಬೇರೆ. ಆಗ ಕಾರು ನಿಮ್ಮ ವಶದಲ್ಲಿಲ್ಲ, ಮಾಲೀಕನ ಡ್ರೈವರ್ ಕೈಯಲ್ಲಿದೆ. ಅವನು ಗೋಡೆಗೆ ಉಜ್ಜಿದರೆ ಅದು ಮಾಲೀಕನ ನಷ್ಟ. ನೀವೇ ಸೀಟು ಹರಿದರೆ ಅಥವಾ ನೋಡದೆ ಬಾಗಿಲು ತೆಗೆದು ಕಂಬಕ್ಕೆ ಬಡಿಸಿದರೆ ಮಾತ್ರ ನಿಮ್ಮ ಹೊಣೆ.

"ಸಹಿ ಹಾಕಿದ ಮೇಲೆ ಮುಗಿಯಿತು": ಇದೂ ತಪ್ಪು

ಒಪ್ಪಂದಕ್ಕೆ ಬೆಲೆ ಇದೆ. 'ಇಷ್ಟು ರೂಪಾಯಿವರೆಗಿನ ಹಾನಿ ಗ್ರಾಹಕರದು' ಎಂಬ ಸ್ಪಷ್ಟ ಷರತ್ತು ಸಾಮಾನ್ಯವಾಗಿ ನಿಲ್ಲುತ್ತದೆ. ಕುಡಿದು ಓಡಿಸಿದರೆ, ಒಪ್ಪಂದದಲ್ಲಿ ಹೆಸರಿಲ್ಲದವರ ಕೈಗೆ ಸ್ಟೀರಿಂಗ್ ಕೊಟ್ಟರೆ ಆ ಮಿತಿಯ ರಕ್ಷಣೆಯೂ ಹೋಗುವಂತೆ ಷರತ್ತು ಇರಬಹುದು. ಆದ್ದರಿಂದ ಓದಿಯೇ ಸಹಿ ಹಾಕಿ.

ಆದರೆ 'ಗೀರು ಬಿದ್ದರೆ 15,000' ಎಂದು ಬರೆದ ಮಾತ್ರಕ್ಕೆ 15,000 ಕೊಡಲೇಬೇಕು ಎಂದಲ್ಲ. ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಬರೆದ ಮೊತ್ತ ಕೇವಲ ಮೇಲ್ಮಿತಿ. ಅದರೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೇಳಬಹುದು. ಮುಂಗಡ ಮುಟ್ಟುಗೋಲು ಹಾಕುವುದಕ್ಕೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅತಿಯಾದ ಠೇವಣಿ ಕೇಳುವ, ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹಾಕುವ ಒಪ್ಪಂದವನ್ನು 'ಅನ್ಯಾಯದ ಒಪ್ಪಂದ' ಎಂದು ಗುರುತಿಸುತ್ತದೆ.

ಹಾಗಾದರೆ ಮಾಲೀಕ ನ್ಯಾಯವಾಗಿ ಏನು ಕೇಳಬಹುದು? ಹಾನಿಯಾದ ಭಾಗದ ದುರಸ್ತಿ ಬಿಲ್, ಮತ್ತು ಕಾರು ನಿಜವಾಗಿ ಗ್ಯಾರೇಜಿನಲ್ಲಿ ನಿಂತ ದಿನಗಳ ನಷ್ಟ. ಪಾಲಿಶ್‌ನಲ್ಲಿ ಹೋಗುವ ಗೀರಿಗೆ ಹೊಸ ಬಂಪರ್, ಒಂದು ಬಾಗಿಲಿನ ಗೀರಿಗೆ ಇಡೀ ಕಾರಿಗೆ ಪೇಂಟ್, ಹಳೆಯ ತಗ್ಗಿಗೆ ಹೊಸ ಗಿರಾಕಿಯ ಹಣ, ಇವು ನ್ಯಾಯವಲ್ಲ.

ಅಡ ಇಡುವಾಗ ಎಚ್ಚರ

ಸಹಿ ಹಾಕಿದ ಖಾಲಿ ಚೆಕ್ ಎಂದಿಗೂ ಕೊಡಬೇಡಿ. ಸ್ವಇಚ್ಛೆಯಿಂದ ಕೊಟ್ಟ ಸಹಿ ಚೆಕ್‌ನಲ್ಲಿ ಬೇರೆಯವರು ಮೊತ್ತ ತುಂಬಿದರೂ, ಸಾಲವೇ ಇತ್ತು ಎಂಬ ಊಹೆ ಕಾನೂನಿನಲ್ಲಿ ನಿಮ್ಮ ವಿರುದ್ಧ ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎರಡು ಸಾವಿರದ ಗೀರು ಚೆಕ್ ಬೌನ್ಸ್ ಕೇಸಾಗಿ ಬೆಳೆಯಬಹುದು. ಮೂಲ ದಾಖಲೆಗಳ ಬದಲು ಜೆರಾಕ್ಸ್ ಕೊಡಿ. ಠೇವಣಿಯನ್ನು ನಗದಿನಲ್ಲಿ ಕೊಡದೆ ಯುಪಿಐ ಮೂಲಕ 'ಕಾರು ಠೇವಣಿ' ಎಂದು ಬರೆದು ಕಳಿಸಿ. ಬೈಕ್ ಇಡಲೇಬೇಕಾದರೆ ಅದರ ನಂಬರ್ ಬರೆಸಿ ರಸೀದಿ ಪಡೆಯಿರಿ.

ಹತ್ತು ನಿಮಿಷ, ಒಂದು ಫೋನ್

• ಕಾರು ಪಡೆಯುವಾಗ ಬೆಳಕಿನಲ್ಲಿ ಸುತ್ತಲೂ ನಿಧಾನವಾಗಿ ವಿಡಿಯೋ ಮಾಡಿ. ನಾಲ್ಕು ಮೂಲೆ, ಚಕ್ರದ ರಿಮ್, ಗಾಜು, ಛಾವಣಿ, ಸೀಟು, ಕಿಲೋಮೀಟರ್ ಮೀಟರ್ ಕಾಣಬೇಕು.
• ಹಳೆಯ ಗೀರುಗಳ ಫೋಟೋ ತೆಗೆದು ಅಲ್ಲೇ ಮಾಲೀಕರಿಗೆ ವಾಟ್ಸಾಪ್ ಮಾಡಿ. ಸಮಯ ದಾಖಲಾಗುತ್ತದೆ.
• ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಕುಗ್ಗುತ್ತದೆ, ಅದರೊಳಗಿನ ದಿನಾಂಕದ ಮಾಹಿತಿಯೂ ಹೋಗುತ್ತದೆ. ಮೂಲ ಫೋಟೋವನ್ನು ಅಳಿಸಬೇಡಿ.
• ಹಾನಿಯಾದರೆ ಮುಚ್ಚಿಡಬೇಡಿ. ಜಾಗದ ಫೋಟೋ ತೆಗೆದು ತಕ್ಷಣ ತಿಳಿಸಿ. ಯಾರಿಗಾದರೂ ಗಾಯವಾದರೆ ಫೋಟೋ ಆಮೇಲೆ. ಮೊದಲು ಚಿಕಿತ್ಸೆ, ನಂತರ ಪೊಲೀಸರಿಗೆ ಮಾಹಿತಿ.
• ವಾಪಸ್ ಕೊಡುವಾಗ ಮತ್ತೊಂದು ವಿಡಿಯೋ ಮಾಡಿ.

ಜಗಳವಾದರೆ ಎಲ್ಲಿಗೆ ಹೋಗಬೇಕು?

ಮೊದಲು ಗ್ಯಾರೇಜ್ ಬಿಲ್ ಕೇಳಿ. ಬೇಕಿದ್ದರೆ ನೀವೇ ಇನ್ನೊಂದು ಗ್ಯಾರೇಜಿನ ಅಂದಾಜು ಪಟ್ಟಿ ತನ್ನಿ. ಒಪ್ಪುವಷ್ಟು ಹಣ ಕೊಟ್ಟು, ಉಳಿದ ಠೇವಣಿಯನ್ನು ಬರಹದಲ್ಲಿ ಕೇಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಅಂದರೆ ಸಂಗನಕಲ್ಲಿನವರು ಬೆಂಗಳೂರಿನಲ್ಲಿ ಕಾರು ಪಡೆದಿದ್ದರೂ ಬಳ್ಳಾರಿಯ ಆಯೋಗದ ಮುಂದೆಯೇ ಹೋಗಬಹುದು.

ತೀರ್ಮಾನ

ನಮ್ಮ ಉದಾಹರಣೆಯ ಕುಟುಂಬದವರು ಹಿಂದೆ ಸರಿಯುವಾಗ ಗೋಡೆಯನ್ನು ಗಮನಿಸಲಿಲ್ಲ. ಆದ್ದರಿಂದ ಸೊನ್ನೆ ಕೊಡುತ್ತೇವೆ ಎನ್ನುವಂತಿಲ್ಲ. ಹಾಗೆಂದು 15,000 ಕೊಡಬೇಕಾಗಿಯೂ ಇಲ್ಲ. ಆ ಬಂಪರ್ ಸರಿಮಾಡಿದ ಬಿಲ್ ಎಷ್ಟೋ ಅಷ್ಟು, ಕಾರು ದುರಸ್ತಿಗೆ ನಿಂತಿದ್ದರೆ ಆ ದಿನದ ನಷ್ಟ. ಅದರ ಆಚೆಗೆ ಠೇವಣಿಯನ್ನಾಗಲಿ ಬೈಕನ್ನಾಗಲಿ ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಬಿಳಿ ಬೋರ್ಡ್ ಕಾರು ಬಾಡಿಗೆಗೆ ಬೇಡ. ಖಾಲಿ ಚೆಕ್ ಬೇಡ. ಕೀ ಕೈಗೆ ಬಂದ ಕೂಡಲೇ ಒಂದು ವಿಡಿಯೋ ಮಾಡಿ. ನಿಮ್ಮಿಂದಾದ ಹಾನಿಗೆ ಬಿಲ್ ನೋಡಿ ಹಣ ಕೊಡಿ.