ಲಿನಕ್ಸ್ ಸೇವೆಗಳ ಸ್ಥಿತಿ ಪರಿಶೀಲನೆ

ಲಿನಕ್ಸ್ ಸೇವೆಗಳ ಸ್ಥಿತಿ ಪರಿಶೀಲನೆ ಎಂದರೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಯಾವ ಸೇವೆಗಳು ನಡೆಯುತ್ತಿವೆ ಎಂಬುದನ್ನು ಕಂಡುಕೊಳ್ಳುವ ವಿಧಾನ. ಬಳಕೆದಾರನ ಕಣ್ಣಿಗೆ ಬೀಳದೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ತಂತ್ರಾಂಶವನ್ನು ಸೇವೆ ಅಥವಾ ಡೀಮನ್ ಎನ್ನುತ್ತಾರೆ. ಮುದ್ರಣವನ್ನು ನಿರ್ವಹಿಸುವ ಕಪ್ಸ್, ದೂರದಿಂದ ಪ್ರವೇಶ ಒದಗಿಸುವ ಎಸ್‌ಎಸ್‌ಎಚ್, ನಿಗದಿತ ವೇಳೆಗೆ ಕೆಲಸಗಳನ್ನು ಆರಂಭಿಸುವ ಕ್ರಾನ್ ಇದಕ್ಕೆ ಉದಾಹರಣೆಗಳು. ಸೇವೆಯು ಈಗ ನಡೆಯುತ್ತಿದೆಯೇ, ಯಂತ್ರ ಆರಂಭವಾದಾಗ ತಾನಾಗಿ ಚಾಲನೆಗೊಳ್ಳುತ್ತದೆಯೇ, ಜಾಲಕ್ಕೆ ತೆರೆದುಕೊಂಡಿದೆಯೇ ಎಂಬವು ಮೂರು ಪ್ರತ್ಯೇಕ ಪ್ರಶ್ನೆಗಳು. ಒಂದರ ಉತ್ತರದಿಂದ ಮತ್ತೊಂದನ್ನು ಊಹಿಸಲಾಗದು.

ಹಿನ್ನೆಲೆ

ಕರ್ನಲ್ ಮೊದಲಿಗೆ ಆರಂಭಿಸುವ ಪ್ರಕ್ರಿಯೆಯ ಸಂಖ್ಯೆ 1. ಉಳಿದ ಸೇವೆಗಳನ್ನು ಚಾಲನೆಗೊಳಿಸುವುದು ಅದರ ಹೊಣೆ. ಹಿಂದೆ ಈ ಸ್ಥಾನದಲ್ಲಿ ಯುನಿಕ್ಸ್ ಸಿಸ್ಟಮ್ 5ರ ಮಾದರಿಯ ಇನಿಟ್ ಇತ್ತು. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂತ್ರಾಂಶವನ್ನು ಆರಂಭಿಸಿದರು. ಫೆಡೋರಾ 2011ರಲ್ಲಿಯೂ, ಡೆಬಿಯನ್ ಮತ್ತು ಉಬುಂಟು 2015ರಲ್ಲಿಯೂ ಇದನ್ನು ಪೂರ್ವನಿಯೋಜಿತ ವ್ಯವಸ್ಥೆಯಾಗಿ ಅಳವಡಿಸಿಕೊಂಡವು.

ಪರಿಶೀಲಿಸುವ ವಿಧಾನ

ಆದೇಶಗಳನ್ನು ಟರ್ಮಿನಲ್‌ನಲ್ಲಿ ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕೊಟ್ಟಿದೆ.

* ನಡೆಯುತ್ತಿರುವ ಎಲ್ಲ ಸೇವೆಗಳ ಪಟ್ಟಿ: ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್ಸ್ --ಟೈಪ್=ಸರ್ವಿಸ್ --ಸ್ಟೇಟ್=ರನ್ನಿಂಗ್
* ಒಂದು ಸೇವೆಯ ವಿವರ: ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್
* ವಿಫಲವಾದವುಗಳ ಪಟ್ಟಿ: ಸಿಸ್ಟಮ್‌ಸಿಟಿಎಲ್ --ಫೇಲ್ಡ್
* ಸೇವೆಯ ದಿನಚರಿ: ಜರ್ನಲ್‌ಸಿಟಿಎಲ್ -ಯು ಕಪ್ಸ್

ಸ್ಥಿತಿಗಳ ಅರ್ಥ

‘ಆಕ್ಟಿವ್, ರನ್ನಿಂಗ್’ ಎಂದಿದ್ದರೆ ಸೇವೆಯ ಪ್ರಕ್ರಿಯೆ ಜೀವಂತವಾಗಿದೆ ಎಂದರ್ಥ; ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಭರವಸೆಯಲ್ಲ. ‘ಆಕ್ಟಿವ್, ಎಕ್ಸಿಟೆಡ್’ ಎಂಬುದು ದೋಷವಲ್ಲ; ಒಮ್ಮೆ ಮಾತ್ರ ಮಾಡಬೇಕಾದ ಕೆಲಸವನ್ನು ಮುಗಿಸಿ ಪ್ರಕ್ರಿಯೆ ಹೊರಬಂದಿದೆ ಎಂಬುದರ ಸೂಚನೆ. ‘ಇನ್‌ಆಕ್ಟಿವ್’ ಎಂದರೆ ಸೇವೆ ನಡೆಯುತ್ತಿಲ್ಲ. ‘ಫೇಲ್ಡ್’ ಎಂದರೆ ಅದು ವಿಫಲಗೊಂಡಿದೆ. ಕಾರಣವನ್ನು ದಿನಚರಿಯಲ್ಲಿ ಹುಡುಕಬೇಕು.

‘ಎನೇಬಲ್ಡ್’ ಎಂಬ ಪದ ಈಗಿನ ಸ್ಥಿತಿಯನ್ನು ಹೇಳುವುದಿಲ್ಲ. ಯಂತ್ರದ ಮುಂದಿನ ಆರಂಭಕ್ಕಾಗಿ ಮಾಡಿಟ್ಟ ಏರ್ಪಾಟನ್ನು ಹೇಳುತ್ತದೆ. ‘ಸ್ಟಾರ್ಟ್’ ಆದೇಶದಿಂದ ಮಾತ್ರ ಆರಂಭಿಸಿದ ಸೇವೆಯು ಎನೇಬಲ್ ಆಗಿರದಿದ್ದರೆ, ಸಾಮಾನ್ಯವಾಗಿ ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ತಾನಾಗಿ ಏಳುವುದಿಲ್ಲ. ಹಾಗೆಯೇ ‘ಸ್ಟಾಪ್’ ಆದೇಶದಿಂದ ನಿಲ್ಲಿಸಿದ ಎನೇಬಲ್ಡ್ ಸೇವೆಯು ಮುಂದಿನ ಆರಂಭದಲ್ಲಿ ಮತ್ತೆ ಚಾಲನೆಗೊಳ್ಳುತ್ತದೆ. ತಾನಾಗಿ ಆರಂಭವಾಗುವುದನ್ನು ತಪ್ಪಿಸಲು ‘ಡಿಸೇಬಲ್’ ಆದೇಶ ಬೇಕು.

ಜಾಲ ಸುರಕ್ಷತೆ

ಅನಗತ್ಯವಾಗಿ ಜಾಲಕ್ಕೆ ತೆರೆದುಕೊಂಡ ಸೇವೆಯು ಅಕ್ರಮ ಪ್ರವೇಶಕ್ಕೆ ದಾರಿಯಾಗಬಹುದು. ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಆದೇಶವು ಟಿಸಿಪಿ ಸಂಪರ್ಕಕ್ಕಾಗಿ ಕಾದಿರುವ ಪೋರ್ಟ್‌ಗಳನ್ನೂ ಅವುಗಳ ಹಿಂದಿರುವ ಪ್ರಕ್ರಿಯೆಗಳನ್ನೂ ತೋರಿಸುತ್ತದೆ. ವಿಳಾಸ 127.0.0.1 ಆಗಿದ್ದರೆ ಅದೇ ಯಂತ್ರದಿಂದ ಮಾತ್ರ ಸಂಪರ್ಕ ಸಾಧ್ಯ, 0.0.0.0 ಆಗಿದ್ದರೆ ಸೇವೆಯು ಯಂತ್ರದ ಎಲ್ಲ ಐಪಿವಿ4 ವಿಳಾಸಗಳಲ್ಲಿಯೂ ಕಾದಿದೆ, ಫೈರ್‌ವಾಲ್ ತಡೆಯದಿದ್ದರೆ ಹೊರಗಿನಿಂದಲೂ ತಲುಪಬಹುದು. ಸಾಕೆಟ್ ಘಟಕವುಳ್ಳ ಸೇವೆಯನ್ನು ನಿಲ್ಲಿಸಿದರೂ ಸಂಪರ್ಕ ಬಂದೊಡನೆ ಅದು ಮತ್ತೆ ಆರಂಭವಾಗಬಲ್ಲದು. ಆದ್ದರಿಂದ ಆ ಸಾಕೆಟನ್ನೂ ನಿಲ್ಲಿಸಬೇಕಾಗುತ್ತದೆ.

ಇತರ ವ್ಯವಸ್ಥೆಗಳು

ಎಲ್ಲ ಲಿನಕ್ಸ್ ವಿತರಣೆಗಳೂ ಸಿಸ್ಟಮ್‌ಡಿ ಬಳಸುವುದಿಲ್ಲ. ಆಲ್ಪೈನ್ ಲಿನಕ್ಸ್ ಓಪನ್‌ಆರ್‌ಸಿ ವ್ಯವಸ್ಥೆಯನ್ನು ಅವಲಂಬಿಸಿದೆ; ಅಲ್ಲಿ ‘ಆರ್‌ಸಿ-ಸ್ಟೇಟಸ್’ ಆದೇಶವು ಸೇವೆಗಳ ಸ್ಥಿತಿಯನ್ನು ತಿಳಿಸುತ್ತದೆ.